ಹಿತ್ತಲಿನ ಮಾಟ ಮತ್ತು ಕಟಕ ರೊಟ್ಟಿ

ದೆವ್ವ, ಮಾಟ, ಮಂತ್ರ ಇವನ್ನೆಲ್ಲ ನಂಬುವವನಲ್ಲ ನಾನು. ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಮೂಗು ಮಾತ್ರ ಸ್ವಲ್ಪ ನಾಜೂಕು. ಆ ಮೂಗಿನ ಆದೇಶದ ಮೇರೆಗೇ ನನ್ನ ಹೆಂಡತಿ ಶೈಲಜಾಳ ಕಿಮ್ಚಿ ಎಂಬ ಕೊರಿಯಾದ ಉಪ್ಪಿನಕಾಯಿ ನಮ್ಮ ಗೋಪನಕೊಪ್ಪದ ಮನೆಯಿಂದ ಗಡೀಪಾರಾಗಿತ್ತು.

ಕೊರಿಯಾದ ಧಾರಾವಾಹಿ ನೋಡಿ ನೋಡಿ, ಎಲೆಕೋಸಿಗೆ ಉಪ್ಪು, ಬ್ಯಾಡಗಿ ಮೆಣಸಿನಪುಡಿ, ಬೆಳ್ಳುಳ್ಳಿ ಹಚ್ಚಿ ಹುಳಿ ಬರಲು ಇಟ್ಟು, ಬೀಗರು ಬಂದಾಗ ಬಡಿಸಿದ್ದಳು. ನಾನು ತಾಟಿನ ಕಡೆ ನೋಡದೆ ಮೂಗು ಮುಚ್ಚಿಕೊಂಡು, "ಎಲ್ಲೋ ಇಲಿ ಸತ್ತೈತಿ ನೋಡ್ರಿ" ಎಂದೆ. ಎಲ್ಲರೂ ನಕ್ಕರು. ಶೈಲಜಾ ನಗಲಿಲ್ಲ.

"ಆತು ಬಿಡ್ರಿ. ಇನ್ನ ನಿಮ್ಮ ಮೂಗಿಗೆ ಗೊತ್ತಾಗೂಹಂಗ ಏನೂ ಮಾಡೂದಿಲ್ಲ," ಎಂದಳು. ಗೆದ್ದೆ ಎಂದುಕೊಂಡೆ.

ಮಹಿಳಾ ಮಂಡಳದ ಅಡುಗೆ ಸ್ಪರ್ಧೆ ಹತ್ತಿರ ಬಂತು. ಏನು ಮಾಡುತ್ತೀ ಎಂದು ಕೇಳಿದರೆ, "ನನ್ನ ಮಾನದ ಪ್ರಶ್ನಿ ಐತಿ, ಕೇಳಬ್ಯಾಡ್ರಿ" ಎನ್ನುತ್ತಿದ್ದಳು.

ಅಮಾವಾಸ್ಯೆಯ ಮಧ್ಯಾಹ್ನ. ಶೈಲಜಾ ಮಂಡಳದ ಸಭೆಗೆ ಹೋಗಿದ್ದಳು. ಮೋಡ ಮುಚ್ಚಿ ಗಾಳಿ ನಿಂತಿತ್ತು, ಓಣಿಯಲ್ಲಿ ನಾಯಿ ಕೂಡ ಬೊಗಳುತ್ತಿರಲಿಲ್ಲ. ಹಿತ್ತಲಿಗೆ ಕಾಲಿಟ್ಟವನಿಗೆ ಕರಿಬೇವಿನ ಗಿಡದ ಬುಡದಿಂದ ಯಾರೋ ನಿಟ್ಟುಸಿರು ಬಿಟ್ಟಂತೆ ಕೇಳಿಸಿತು. ಬಗ್ಗಿ ನೋಡಿದೆ. ಹಸಿ ಮಣ್ಣಿನಲ್ಲಿ ಕುತ್ತಿಗೆಯವರೆಗೆ ಹುಗಿದ ಒಂದು ಭರಣಿ. ಬಾಯಿಗೆ ಕಟ್ಟಿದ ಕೆಂಪು ಖಣದ ಬಟ್ಟೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಅಂಚಿನಿಂದ ಕೆಂಪು ನೀರು ಜಿನುಗುತ್ತಿತ್ತು. ವಾಸನೆ ಎಲ್ಲೋ ಪರಿಚಯದ್ದು ಅನ್ನಿಸಿತು. ಹಿಂದಿನ ಜನ್ಮದ್ದಿರಬೇಕು ಎಂದುಕೊಂಡೆ.

ಪಕ್ಕದ ಮನೆಯ ಗಂಗವ್ವಜ್ಜಿ ಕಂಪೌಂಡಿನ ಮೇಲಿಂದ ಇಣುಕಿ ಅಲ್ಲೇ ಕಲ್ಲಾದಳು.

"ಸರ, ಮುಟ್ಟಬ್ಯಾಡ್ರಿ. ಯಾರೋ ನಿಮ್ಮ ಮನಿಗೆ ಮಾಡಿಸ್ಯಾರ."

"ಏನ್ ಮಾಡಿಸ್ಯಾರ, ಅಜ್ಜಿ?"

"ಹೆಸರ ಹೇಳಬಾರದ್ರಿ ಅದರದು. ಒಳಗಿಂದು ಮೈಮ್ಯಾಲೆ ಸಿಡೀಬಾರದು ನೋಡ್ರಿ. ಸಿಡೀತಂದ್ರ ಮುಗೀತು, ದಿನಾ ನಿಮ್ಮನ್ನ ಕರೀತೈತಿ."

ವಿಜ್ಞಾನದ ಮಾಸ್ತರ ಇಷ್ಟಕ್ಕೆಲ್ಲ ಹೆದರುತ್ತಾನೆಯೇ? ಖಣದ ಗಂಟು ಬಿಚ್ಚಿದೆ. ಅದರ ಕೆಳಗಿನ ಮುಚ್ಚಳ ಪಟ್ಟನೆ ಹಾರಿತು. ಕೆಂಪು ರಸ ನೇರ ನನ್ನ ಮೀಸೆಗೆ! ಗಂಗವ್ವಜ್ಜಿ ಒಳಗೆ ಓಡಿ ಬಾಗಿಲು ಹಾಕಿಕೊಂಡಳು.

ಗಾಬರಿಯಲ್ಲಿ ಮೀಸೆ ನೆಕ್ಕಿದೆ. ಹುಳಿ, ಖಾರ, ಬೆಳ್ಳುಳ್ಳಿ. ಅವ್ವ ಹಣ್ಣುಮೆಣಸಿನಕಾಯಿ ಕುಟ್ಟಿ ಇಡುತ್ತಿದ್ದ ರಂಜಕ ನೆನಪಾಯಿತು. ಮತ್ತೊಮ್ಮೆ ನೆಕ್ಕಿದೆ. ಆಮೇಲೆ ಮುಚ್ಚಳ ಹಾಕಿ, ಖಣ ಕಟ್ಟಿ, ತಿರುಗಿ ನೋಡದೆ ಒಳಗೆ ಬಂದೆ. ಸ್ಪರ್ಧೆಯ ಗಡಿಬಿಡಿಯಲ್ಲಿರುವ ಹೆಂಡತಿಯನ್ನು ಹೆದರಿಸಬಾರದೆಂದು ಏನೂ ಹೇಳಲಿಲ್ಲ.

ಮರುದಿನ ಅದು ಕರೆಯಿತು. ಶಾಲೆಯಿಂದ ಬಂದು ಅಂಗಿ ಕಳಚುವುದರೊಳಗೆ ಹಿತ್ತಲಿನಿಂದ ಗುಳುಗುಳು ದನಿ. ಕಾಲು ತಾವೇ ನಡೆದವು. ದಾರಿಯಲ್ಲಿ ಅಡುಗೆಮನೆಗೆ ಹೊಕ್ಕು ಜೋಳದ ಒಂದು ಗರಿಗರಿ ಕಟಕ ರೊಟ್ಟಿಯನ್ನೂ ತೆಗೆದುಕೊಂಡವು. ಹೆಸರೆತ್ತಬಾರದ ವಸ್ತುವಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ರೊಟ್ಟಿ ಮುರಿದು ಅದ್ದಿ ತಿಂದೆ. ಕಣ್ಣಲ್ಲಿ ನೀರು ಬಂತು. ಭಯಕ್ಕೋ ಖಾರಕ್ಕೋ ತಿಳಿಯಲಿಲ್ಲ.

ಹೀಗೇ ದಿನಾ ನಡೆಯಿತು. ಪಾಠದ ನಡುವೆಯೂ ಆ ದನಿ ಕಿವಿಯಲ್ಲಿ ಕೇಳಿಸುತ್ತಿತ್ತು. ಬಾಯಲ್ಲಿ ನೀರೂರುತ್ತಿತ್ತು. ನಾನು ಪೂರ್ತಿ ಅದರ ವಶವಾಗಿದ್ದೆ. ದಿನಗಳೆದಂತೆ ದನಿ ಕ್ಷೀಣವಾಯಿತು. ನನ್ನ ಧೈರ್ಯಕ್ಕೆ ಅದೇ ಸೋತಿತು ಎಂದು ಸಮಾಧಾನಪಟ್ಟೆ.

ಸ್ಪರ್ಧೆಯ ಮುಂಜಾನೆ ಶೈಲಜಾ ರೇಷ್ಮೆ ಸೀರೆ ಉಟ್ಟು, ಸಲಿಕೆ ಹಿಡಿದು ಕರಿಬೇವಿನ ಗಿಡದತ್ತ ಹೊರಟಳು. ಓಡಿ ಅಡ್ಡ ನಿಂತೆ.

"ಮುಟ್ಟಬ್ಯಾಡ! ಅದರಾಗ ಮಾಟ ಐತಿ."

"ಮಾಟ ಅಲ್ರಿ, ನನ್ನ ಕಿಮ್ಚಿ. ಕೊರಿಯಾದಾಗ ಹಿಂಗ ನೆಲದಾಗ ಹುಗೀತಾರ," ಎಂದು ಖಣ ಬಿಚ್ಚಿದಳು.

ಒಳಗೆ ತಳದಲ್ಲಿ ಒಂದಿಷ್ಟು ರಸ. ಅದರಲ್ಲಿ ತೇಲುತ್ತಿದ್ದ ಒಂದು ರೊಟ್ಟಿ ಚೂರು.

ಆಕೆ ಆ ಚೂರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಮಾಟಕ್ಕ ಕಟಕ ರೊಟ್ಟಿ ಬೇಕಾಗಿತ್ತೇನ್ರಿ?" ಎಂದವಳೇ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು. "ಅವತ್ತ ನಕ್ಕಾವ್ರೆಲ್ಲಾ ಇವತ್ತ ಅಲ್ಲೇ ಇರ್ತಾರ. ಅವರ ಮುಂದ ಇದನ್ನ ಇಡಬೇಕಂತ ಮಾಡಿದ್ದೆ."

ಆಕೆಯ ಕಣ್ಣು ತುಂಬಿದ್ದು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಮಾಟವೇ ಆಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಹೆಂಗಿತ್ತು?" ಎಂದಳು ಸಣ್ಣ ದನಿಯಲ್ಲಿ.

"ಭಾಳ ಛಲೋ ಇತ್ತು."

"ಖರೇ?"

"ಖರೇ. ಬಿಡಾಕ ಆಗಲಿಲ್ಲ."

ಆಕೆ ಕಣ್ಣೊರೆಸಿಕೊಂಡು ಎದ್ದಳು. "ಹಂಗಾರ ನಡೀರಿ. ಪದಾರ್ಥ ಇಲ್ಲಂದ್ರ ತಿಂದಾವ್ರನ್ನರ ಒಯ್ತೇನಿ."

ಮಂಡಳದ ಸಭಾಂಗಣದಲ್ಲಿ ಹೋಳಿಗೆಯ ತಾಟಿಗೂ ಮಾದಲಿಯ ತಾಟಿಗೂ ನಡುವೆ, ಖಾಲಿ ಭರಣಿ ಹಿಡಿದುಕೊಂಡು ನಾನು ಪ್ರದರ್ಶನಕ್ಕೆ ನಿಂತೆ. ಬಂದವರೆಲ್ಲರಿಗೂ ಅದರ ರುಚಿ ವರ್ಣಿಸಿದೆ. ಬೀಗತಿಯರು ಎರಡೆರಡು ಸಲ ಕೇಳಿಸಿಕೊಂಡರು, ಶೈಲಜಾ ಎಲ್ಲರಿಗಿಂತ ಹೆಚ್ಚು ನಕ್ಕಳು. ಕೊನೆಗೆ ಗಂಗವ್ವಜ್ಜಿ ದೂರದಲ್ಲೇ ನಿಂತು ಕೇಳಿದಳು.

"ಅಲ್ರಿ ಸರ, ಮಾಟ ಅಲ್ಲಂದ್ರ ಅದು ಗುಳುಗುಳು ಅಂತಿತ್ತು ಯಾಕ?"

"ಹುದುಗುವಿಕೆ ಅಂತಾರ, ಅಜ್ಜಿ. ಅದರಿಂದ ಗಾಳಿ ಹುಟ್ಟತೈತಿ. ಎಂಟನೇ ಕ್ಲಾಸಿನ ವಿಜ್ಞಾನದಾಗ ಪಾಠನ ಐತಿ."

"ಹೌದೇನ್ರಿ? ಆ ಪಾಠ ಯಾರ ಕಲಿಸ್ತಾರ?"

ನಾನು ಭರಣಿಯ ತಳದಲ್ಲಿ ಉಳಿದ ರಸ ನೆಕ್ಕುವುದರಲ್ಲಿ ಮಗ್ನನಾದೆ.