ಅತ್ತೆಯ ಬೊಗಸೆ ಎಣ್ಣೆ

ನಮ್ಮ ಸೋದರತ್ತೆ ಹರಸಿದವರನ್ನು ಮುನವಳ್ಳಿಯಲ್ಲಿ ಯಾರು ಬೇಕಾದರೂ ದೂರದಿಂದಲೇ ಗುರುತಿಸಬಹುದಿತ್ತು. ಬಿಸಿಲಿಗೆ ಥಳಥಳ ಹೊಳೆಯುತ್ತಿದ್ದರು!

ಮದುವೆಯಲ್ಲಿ ಎಣ್ಣೆ ಹಚ್ಚುವ ಶಾಸ್ತ್ರವೆಂದರೆ ಉಳಿದ ಮುತ್ತೈದೆಯರು ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ, ಪಾದ, ಮಂಡಿ, ಭುಜ, ನೆತ್ತಿಗೆ ಮುಟ್ಟಿಸಿ ಎದ್ದುಬಿಡುತ್ತಾರೆ. ಅತ್ತೆಗೆ ಅದು ಬರೀ ಜಿಪುಣತನ. "ಹರಸೂದಂದ್ರ ಹನಿ ಲೆಕ್ಕದಾಗೇನ?" ಎನ್ನುತ್ತ ಬೊಗಸೆ ತುಂಬ ಕುಸುಬಿ ಎಣ್ಣೆ ಸುರಿಯುತ್ತಿದ್ದಳು. ಬೈಲಹೊಂಗಲದ ಒಬ್ಬ ಮದುಮಗ, ಕಣ್ಣಿಗೆ ಎಣ್ಣೆ ಇಳಿದು ಏನೂ ಕಾಣದೆ, ಹಿರಿಯರ ಪಾದವೆಂದು ಬಗ್ಗಿ ಹಿಡಿದದ್ದು ಹಂದರದ ಕಂಬವನ್ನು!

"ಇರ್ಲಿ ಬಿಡ್ರಿ, ಅದೂ ಎಲ್ಲಾರ್ನೂ ಹೊತ್ಕೊಂಡು ನಿಂತೈತಿ" ಎಂದಳು ಅತ್ತೆ.

ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೊರಟಾಗ ಬಿಟ್ಟಳೇ? ನೆತ್ತಿಯ ಎಣ್ಣೆ ಗಣಿತದ ಉತ್ತರಪತ್ರಿಕೆಗೆ ತೊಟ್ಟಿಕ್ಕಿ, ಈ ಬದಿಯ ತಪ್ಪುಗಳೆಲ್ಲ ಆ ಬದಿಗೂ ಕಾಣಿಸಿದವು. ಪಾಸಾದದ್ದು ಎಣ್ಣೆಯಿಂದ ಎಂದು ಅವಳ ವಾದ. ಮೂವತ್ತೈದೇ ಬಂದದ್ದೂ ಅದರಿಂದಲೇ ಎಂದು ನನ್ನ ವಾದ.

ಓಣಿಯವರೆಲ್ಲ ಸಾಹೇಬರೆಂದು ಕರೆಯುತ್ತಿದ್ದ ಡ್ರೈವರ್ ಹೊಸ ಟೆಂಪೋ ತಂದ ದಿನ ಅತ್ತೆ ಬಟ್ಟಲು ಹಿಡಿದು ಹಾಜರು!

"ಅಕ್ಕಾರ, ನನಗ ಬ್ಯಾಡ್ರಿ, ಹೊಸಾ ಅಂಗಿ! ಗಾಡಿಗೆ ಹಚ್ರಿ" ಎಂದರು ಸಾಹೇಬರು.

ಅತ್ತೆ ಸ್ಟೇರಿಂಗಿಗೇ ಹಚ್ಚಿದಳು. ಸವದತ್ತಿಗೆ ಹೊರಟ ಟೆಂಪೋ ಮೊದಲ ತಿರುವಿನಲ್ಲೇ ಕೈಜಾರಿ ಹುಲ್ಲಿನ ಬಣವೆಗೆ ನುಗ್ಗಿತು. ತಲೆಯ ಹುಲ್ಲು ಕೊಡವುತ್ತ ಇಳಿದ ಸಾಹೇಬರಿಗೆ ಅತ್ತೆ ಹೇಳಿದಳು: "ನೋಡ್ರಿ, ಒಂದು ಗೀರೂ ಬಿದ್ದಿಲ್ಲ. ಎಣ್ಣಿ ಹಚ್ಚಿರ್ಲಿಲ್ಲಂದ್ರ ಏನಾಗ್ತಿತ್ತು?"

ಆಮೇಲೆ ಅತ್ತೆಯ ಗಂಡ ತೀರಿಕೊಂಡರು. ಮರುವರ್ಷ ನನ್ನ ಮದುವೆ. ನನ್ನನ್ನು ಮಣೆಯ ಮೇಲೆ ಕೂರಿಸಿ, "ಐದು ಮಂದಿ ಮುತ್ತೈದ್ಯಾರು ಬರ್ರಿ" ಎಂದು ಅವ್ವ ಕರೆದಳು. ಆ ಐವರಲ್ಲಿ ಅತ್ತೆಗೆ ಈಗ ಜಾಗವಿರಲಿಲ್ಲ. ಯಾರೂ ಹೇಳದೆ ತಾನೇ ಅಡುಗೆಮನೆ ಸೇರಿ ಹೂರಣ ರುಬ್ಬುತ್ತಿದ್ದಳು.

ನಾನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡೆ.

"ಅತ್ತಿ ಬರೂತನಕ ಯಾರೂ ನನಗ ಎಣ್ಣಿ ಹಚ್ಚಬ್ಯಾಡ್ರಿ."

ಹಿರಿಯರು ಗದ್ದಲವೆಬ್ಬಿಸಿದರು. ಅವ್ವ ಮಾತ್ರ ಒಳಗೆ ಹೋಗಿ, ಅತ್ತೆಯ ಕೈ ಹಿಡಿದು ಕರೆತಂದಳು.

ಅತ್ತೆ ಹೂರಣದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಬೆರಳು ಎಣ್ಣೆಯಲ್ಲಿ ಅದ್ದಿ ನನ್ನ ನೆತ್ತಿಯ ಮೇಲಿಟ್ಟಳು. ಹರಸುವ ಮಾತು ಮಾತ್ರ ಅವಳಿಗೆ ನೆನಪಾಗಲೇ ಇಲ್ಲ. ಮೆಲ್ಲಗೆ ಕೇಳಿದಳು:

"ಮುಂಜಾನಿಂದ ಏನರ ತಿಂದೀಯೋ ಇಲ್ಲೋ, ತಮ್ಮಾ?"