ಖಾಲಿ ಜಾಗ ಕಂಡರಾಗದ ನಮ್ಮಪ್ಪ

ನಮ್ಮನೇಲಿ ಯಾವ ಕೆಲಸವೂ ನೆಟ್ಟಗೆ ನಡೆಯಲ್ಲ, ಆದರೆ ಹೆಂಗೋ ನಡೆದುಹೋಗುತ್ತೆ. ನಾನು ಜಾಹೀರಾತು ಕಲಿಯೋಕೆ ಕಾಲೇಜು ಹುಡುಕಿದ ಕತೆಯೂ ಅಷ್ಟೇ.

ಫ್ಲೆಕ್ಸ್ ಅಂಗಡಿ

ಪಿಯುಸಿ ರಜೆಯಲ್ಲಿ ಅರಕಲಗೂಡಿನ ಒಂದು ಫ್ಲೆಕ್ಸ್ ಅಂಗಡೀಲಿ ಡಿಸೈನ್ ಮಾಡ್ತಿದ್ದೆ. ಹುಟ್ಟುಹಬ್ಬ ಒಬ್ಬರದು, ಶುಭ ಕೋರುವವರ ಮುಖ ಇಪ್ಪತ್ತು. ಒಂದು ಸಲ ಕಣ್ಣಿಗೆ ತಂಪಾಗಿರಲಿ ಅಂತ ಒಂದು ಮೂಲೆ ಖಾಲಿ ಬಿಟ್ಟೆ. ಗಿರಾಕಿ ಸರಿಯಾಗಿ ಅಲ್ಲೇ ಬೆರಳಿಟ್ಟರು.

"ಇಲ್ಯಾಕವ್ವ ಯಾರೂ ಇಲ್ಲ?"

"ಬೇಕಂತಲೇ ಬಿಟ್ಟಿದ್ದೀನಿ ಅಣ್ಣ, ಚೆನ್ನಾಗಿ ಕಾಣುತ್ತೆ."

"ಇಂಗೆ ಬೋಳಾಗಿ ಬಿಟ್ರೆ ನಮ್ ಕಡೆ ಜನ ಕಮ್ಮಿ ಅನ್ಕಳಲ್ವಾ? ತಡಿ."

ಸೀದಾ ಬಸ್‌ಸ್ಟ್ಯಾಂಡಿಗೆ ಹೋಗಿ ಪರಿಚಯದವರೊಬ್ಬರನ್ನ ಎಳ್ಕೊಂಡು ಬಂದು, ಅಂಗಡಿ ಗೋಡೆಗೆ ನಿಲ್ಲಿಸಿ ಫೋಟೋ ತೆಗೆಸಿದರು. ಆ ಪುಣ್ಯಾತ್ಮ ಕೈ ಮುಗಿದು, ಹಲ್ಲು ಕಿರಿದು, ಫೋಟೋ ಎಲ್ಲಾ ಆದಮೇಲೆ ಕೇಳಿದರು, "ಯಾರ್ದು ಹುಟ್ಟಿದಬ್ಬ?"

ಅವತ್ತೇ ತೀರ್ಮಾನ ಮಾಡಿದೆ, ಈ ಕೆಲಸವನ್ನ ಸರಿಯಾಗಿ ಕಲಿಯಬೇಕು ಅಂತ.

ಮಾವನ ಪರೀಕ್ಷೆ

ಅಪ್ಪ ಹೊಗೆಸೊಪ್ಪು ಬೆಳೆಯೋರು. ರಾಮನಾಥಪುರದ ಹರಾಜಿಗೆ ಸೊಪ್ಪಿನ ಬೇಲು ಒಯ್ಯೋವಾಗ ಎಲೆಯ ಬಣ್ಣ ನೋಡಿ ಗ್ರೇಡ್ ಹೇಳ್ತಾರೆ, ನನ್ನ ಕಾಲೇಜಿನ ವಿಷಯಕ್ಕೆ ಮಾತ್ರ "ನಿಮ್ಮಾವ ಒಪ್ಪಬೇಕು" ಅಂದುಬಿಟ್ಟರು. ಮಾವ ಒಪ್ಪಿ, ಸೀಟೂ ಸಿಕ್ಕಿದರೆ ಸರಿ. ಎರಡರಲ್ಲಿ ಒಂದು ತಪ್ಪಿದರೂ ಹಾಸನದಲ್ಲಿ ಬಿ.ಕಾಂ. ಲೆಕ್ಕದ ಪುಸ್ತಕ ನೆನೆಸಿಕೊಂಡರೇ ನನಗೆ ಅಳು ಬರ್ತಿತ್ತು.

ಹೊಳೆನರಸೀಪುರದ ಸೋದರಮಾವನ ಮುಂದೆ ಮೂರು ಕಾಲೇಜಿನ ಪಟ್ಟಿ ಇಟ್ಟೆ. ಯಾವ ಕಾಲೇಜಲ್ಲಿ ಏನು ಕಲಿಸ್ತಾರೆ, ಕಲಿತವರು ಎಲ್ಲಿ ಕೆಲಸಕ್ಕಿದ್ದಾರೆ, ಎಲ್ಲಾ ಬರ್ಕೊಂಡು ಹೋಗಿದ್ದೆ. ಮಾವ ಅದನ್ನ ಮಡಚಿ ಬೀಸಣಿಗೆ ಮಾಡ್ಕೊಂಡರು. ಮೊದಲನೇದಕ್ಕೆ ಚನ್ನರಾಯಪಟ್ಟಣದಲ್ಲಿ ಬಸ್ ಬದಲಾಯಿಸಬೇಕು, ಬೇಡ. ಎರಡನೇದರ ಬಾಗಿಲು ದಕ್ಷಿಣಕ್ಕಿದೆ, ಬೇಡ. ಮೂರನೇದು ಮೈಸೂರಿಂದು. ಫೋನ್ ತಗೊಂಡು ಅವರೇ ಹಾಸ್ಟೆಲಿಗೆ ಮಾಡಿದರು.

"ಮುದ್ದೆ ಕೊಡ್ತೀರಾ?"

"ಬುಧವಾರ ಇರುತ್ತೆ ಸರ್."

"ಮಿಕ್ಕ ದಿನ ನಮ್ ಮಗು ಉಪ್ವಾಸಾನಾ?"

ಆ ಕಡೆಯವರು ಮೊದಲು ನಕ್ಕರು. ಆಮೇಲೆ, "ನಾನೂ ಹಾಸನದ ಕಡೆಯವನೇ ಸಾ. ಶುಕ್ರವಾರಾನೂ ಮಾಡಿಸ್ತೀನಿ ಬುಡಿ."

ಮಾವ ಫೋನ್ ಕೆಳಗಿಟ್ಟು ಹೇಳಿದರು, "ಇದು ಕಣವ್ವ ಕಾಲೇಜು ಅಂದ್ರೆ."

ಮನೆ ಖಾಲಿ ಇದೆ

ಸಂದರ್ಶನಕ್ಕೆ ನಾವೇ ಮಾಡಿದ ಒಂದು ಜಾಹೀರಾತು ತರಬೇಕಿತ್ತು. ವಾರವಿಡೀ ತಲೆ ಕೆಡಿಸ್ಕೊಂಡು, ದೊಡ್ಡ ಬಿಳಿ ಹಾಳೆ ತಗೊಂಡು, ಕೆಳಗಿನ ಮೂಲೇಲಿ ಪುಟ್ಟದಾಗಿ 'ಮನೆ ಖಾಲಿ ಇದೆ' ಅಂತ ಬರೆದೆ. ಮಿಕ್ಕಿದ್ದೆಲ್ಲಾ ಬೆಳ್ಳಗೆ. ಖಾಲಿತನವೇ ಜಾಹೀರಾತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೈಸೂರಲ್ಲಿ ನನ್ನ ಸರದಿಗೆ ಕಾಯ್ತಾ, ಹಾಳೇನ ಅಪ್ಪನ ಕೈಗೆ ಕೊಟ್ಟು ನೀರು ಕುಡಿಯೋಕೆ ಹೋಗಿಬಂದೆ. ಬರೋ ಹೊತ್ತಿಗೆ ಅದು ಸುರುಳಿ ಸುತ್ತಿತ್ತು. ಹೆಸರು ಕರೆದರು, ಹಂಗೇ ಒಳಗೆ ಓಡಿದೆ. ಸಂದರ್ಶನ ಮಾಡೋ ಮೇಡಂ ಮೇಜಿನ ಮೇಲೆ ಸುರುಳಿ ಬಿಚ್ಚಿದರು. ಬಿಳೀ ಜಾಗದಲ್ಲಿ ಸಾಲಾಗಿ ಅಪ್ಪ, ಅಮ್ಮ, ಅಜ್ಜಿ, ನಾನು, ಮಧ್ಯದಲ್ಲಿ ಮೀಸೆ ತಿರುವಿದ ಮಾವ. ಅರ್ಜಿಗೆ ಬೇಕಾಗಬಹುದು ಅಂತ ಅಪ್ಪ ಮನೆಮಂದಿದೆಲ್ಲಾ ಪಾಸ್‌ಪೋರ್ಟ್ ಫೋಟೋ ತಂದಿದ್ದರು. ಆಫೀಸಿನ ಕೌಂಟರಲ್ಲಿ ಗೋಂದು ಸಿಕ್ಕಿದೆ, ಅಂಟಿಸಿಬಿಟ್ಟಿದ್ದಾರೆ.

ಅಷ್ಟು ಜನರ ಕೆಳಗೆ, 'ಮನೆ ಖಾಲಿ ಇದೆ.'

ನನಗೆ ಬಿ.ಕಾಂ. ಪುಸ್ತಕ ಕಣ್ಣಮುಂದೆ ಬಂತು. ಬಾಗಿಲಿಂದ ಅಪ್ಪ ತಲೆ ಹಾಕಿದರು. "ಮಗು ಪೂರ್ತಿ ಮಾಡ್ದೆ ತಂದ್ಬುಟ್ಟಿತ್ತು ಮೇಡಮ್ಮೋರೆ. ಎಲ್ಲಾ ನಮ್ ಮನೆಯೋರೇ, ಒರಗಿನೋರು ಯಾರೂ ಇಲ್ಲ."

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳೋವಷ್ಟು ನಕ್ಕರು. ಆಮೇಲೆ ಒಂದೊಂದೇ ಫೋಟೋ ಕಿತ್ತು, ಕೆಳಗಿನ ಹಾಳೆ ಎತ್ತಿ ಹಿಡಿದು ನೋಡಿದರು. "ಇದು ನಿಂದೇ ಐಡಿಯಾನಾ?" ಅಂದರು. ಹೂಂ ಅಂದೆ. ಸೀಟು ಕೊಟ್ಟರು.

ವಾಪಸ್ ಬಸ್ಸಲ್ಲಿ ಅಪ್ಪ ಅಂದರು, "ನಿಮ್ಮಾವನ ಫೋಟೋ ನೋಡೇ ಕೊಟ್ಟಿದ್ದು ಕಣವ್ವ."

ಅಭಿನಂದನೆ

ಊರಿಗೆ ಬಂದ ಮಾರನೇ ದಿನವೇ ಅಪ್ಪ ಫ್ಲೆಕ್ಸ್ ಹಾಕಿಸಬೇಕು ಅಂದರು. ಡಿಸೈನ್ ನಂದೇ, ಬೇರೆ ಯಾರು ಮಾಡ್ತಾರೆ? 'ಕಾಲೇಜಿನಲ್ಲಿ ಸೀಟು ಪಡೆದುದಕ್ಕೆ ಹಾರ್ದಿಕ ಅಭಿನಂದನೆಗಳು' ಅಂತ ಮೇಲೆ ಬರೆದೆ. ಅಪ್ಪ ವಾಟ್ಸಾಪಲ್ಲಿ ಫೋಟೋ ಕಳಿಸ್ತಾ ಹೋದರು, ನಾನು ಕೂರಿಸ್ತಾ ಹೋದೆ. ಹಿರಿಯರು ಅಂತ ಮಾವನದು ಮಧ್ಯದಲ್ಲಿ, ಆಳುದ್ದ. ಸುತ್ತ ದಾಯಾದಿಗಳು, ಹಾಲಿನ ಡೈರಿಯೋರು, ಅಪ್ಪನ ಜೊತೆ ಹೊಗೆಸೊಪ್ಪು ಹದ ಮಾಡೋರು. ಕೊನೆಗೆ ನೋಡ್ತೀನಿ, ನನ್ನ ಫೋಟೋಗೂ ಹೆಸರಿಗೂ ಜಾಗವೇ ಇಲ್ಲ.

"ಇರ್ಲಿ ಬುಡವ್ವ," ಅಂದರು ಅಪ್ಪ. "ನಿಂಗೇ ಸಿಕ್ಕಿದ್ದು ಅಂತ ಊರಿಗೆಲ್ಲಾ ಗೊತ್ತಲ್ಲ."

ಬಸ್‌ಸ್ಟ್ಯಾಂಡಲ್ಲಿ ಫ್ಲೆಕ್ಸ್ ಕಟ್ಟಿದ ದಿನ ಮಾವ ನೋಡೋಕೆ ಅಂತಲೇ ಹೊಳೆನರಸೀಪುರದಿಂದ ಬಂದರು. ಅವರು ಬಸ್ಸಿಂದ ಇಳಿಯುತ್ತಲೇ ಕಂಡಕ್ಟರ್ ಒಂದು ಸಲ ಫ್ಲೆಕ್ಸ್ ನೋಡಿ, ಒಂದು ಸಲ ಮಾವನ್ನ ನೋಡಿ, ಎರಡೂ ಕೈಲಿ ಅವರ ಕೈ ಹಿಡ್ಕೊಂಡರು.

"ಈ ವಯಸ್ನಲ್ಲಿ ಓದೋ ಮನಸ್ಸು ಮಾಡುದ್ರಲ್ಲ, ದೊಡ್ಡದು ಬುಡಿ ಯಜಮಾನ್ರೇ. ಆಸ್ಟೆಲ್ ಊಟ ಒಗ್ಗುತ್ತಾ?"

ಮಾವ ಮೀಸೆ ತಿರುವಿ ಅಂದರು, "ಬುಧವಾರ, ಶುಕ್ರವಾರ ಮುದ್ದೆ ಕೊಡ್ತಾರೆ."