ಲೋಪ್‌ಬುರಿಯೂ ಆಲೂಪೂರಿಯೂ

ಕಳೆದ ಬೇಸಿಗೆಯಲ್ಲಿ ಥಾಯ್ಲೆಂಡಿನ ಲೋಪ್‌ಬುರಿ ಪ್ರಾಂತ್ಯವನ್ನು ಎಂಟು ದಿನ ಸುತ್ತಿ, ಮುನ್ನೂರ ಹನ್ನೆರಡು ಫೋಟೋಗಳ ಸಮೇತ ಅಮೆರಿಕದ ಸನ್ನಿವೇಲ್‌ಗೆ ಮರಳಿದೆ. ಎಂಟುನೂರು ವರ್ಷ ಹಳೆಯ ಮೂರು ಗೋಪುರಗಳ ಗುಡಿ, ರಾಜನೊಬ್ಬನ ಪಾಳು ಅರಮನೆ, ಊರ ತುಂಬ ಕೋತಿಗಳು. ಹೋಗಿದ್ದು ಒಬ್ಬನೇ. ಐವತ್ತೆರಡರ ಬ್ರಹ್ಮಚಾರಿ ಇನ್ಯಾರ ಜೊತೆ ಹೋಗುತ್ತಾನೆ? ಆ ಎಂಟು ದಿನಗಳಲ್ಲಿ ನನ್ನನ್ನು ಮುಟ್ಟಿದ ಏಕೈಕ ಜೀವಿ ಒಂದು ಕೋತಿ. ಅದೂ ಕನ್ನಡಕ ಕಿತ್ತುಕೊಳ್ಳಲು!

ನೋಡಿದ್ದನ್ನು ಯಾರಿಗಾದರೂ ಹೇಳದಿದ್ದರೆ ನೋಡಿದಂತೆಯೇ ಅನ್ನಿಸುವುದಿಲ್ಲ. ಆಫೀಸಿನಲ್ಲಿ "ಟ್ರಿಪ್ಪು ಹೇಗಿತ್ತು?" ಎಂದು ಕೇಳಿದವರು ನಾನು ಬಾಯಿ ತೆರೆಯುವ ಮೊದಲೇ ಮೀಟಿಂಗಿಗೆ ಓಡಿದರು. ಮನೆಯಲ್ಲಿ ಫ್ರಿಜ್ಜು ಬಿಟ್ಟರೆ ಸದ್ದು ಮಾಡುವವರಿಲ್ಲ. ಆದ್ದರಿಂದ ನಮ್ಮ ಅಪಾರ್ಟ್‌ಮೆಂಟಿನ ಸಮಸ್ತ ಕನ್ನಡಿಗರಿಗಾಗಿ ಚಿತ್ರಪ್ರದರ್ಶನ ಏರ್ಪಡಿಸುವುದೆಂದು ತೀರ್ಮಾನಿಸಿದೆ. ಫೋನಿಗೆ ಬಾಯಲ್ಲೇ ಹೇಳಿ ಬರೆಸಿದೆ: "ಶನಿವಾರ ಹನ್ನೊಂದಕ್ಕೆ ನಮ್ಮನೆಯಲ್ಲಿ ಲೋಪ್‌ಬುರಿ. ಎಲ್ಲರೂ ಬನ್ನಿ." ಓದಿ ನೋಡದೆ ವಾಟ್ಸಾಪ್ ಗ್ರೂಪಿಗೆ ಕಳಿಸಿಬಿಟ್ಟೆ.

ಎರಡೇ ನಿಮಿಷದಲ್ಲಿ ಹನ್ನೊಂದು ಹೆಬ್ಬೆರಳುಗಳು ಎದ್ದವು! ಹಿಂದೆ ನನ್ನ ಹುಟ್ಟುಹಬ್ಬಕ್ಕೆ ಕರೆದಾಗ ಎದ್ದದ್ದು ಎರಡು. ಅದರಲ್ಲೊಂದು ನನ್ನದೇ. ನಮ್ಮವರ ಪರಂಪರಾ ಪ್ರೇಮಕ್ಕೆ ಕಣ್ಣು ತುಂಬಿ ಬಂತು. ಮೇಲಿನ ಮನೆಯ, ಉಡುಪಿ ಕಡೆಯ ವಸಂತಕ್ಕ ಫೋನನ್ನೇ ಮಾಡಿದರು.

"ಎಲ್ಲ ನೀವೇ ಮಾಡುವುದಾ ಮಾರಾಯ್ರೆ?"

"ಇನ್ಯಾರಿದ್ದಾರೆ ಅಕ್ಕ? ಎಲ್ಲ ನಾನೇ."

"ಎಷ್ಟುಂಟು?"

"ಮುನ್ನೂರ ಹನ್ನೆರಡು!"

"ಅಬ್ಬ! ಹಾಗಾದ್ರೆ ನಮ್ಮ ಅತ್ತೆಯನ್ನೂ ಕರ್ಕೊಂಡು ಬರ್ತೇನೆ."

ಶನಿವಾರ ಹನ್ನೊಂದಕ್ಕೆ ಮನೆ ತುಂಬಿತು. ಸೋಫಾ ಸಾಲದೆ ಕೆಲವರು ಸೂಟ್‌ಕೇಸಿನ ಮೇಲೂ ಕೂತರು. ನನ್ನ ಬಾಗಿಲಲ್ಲಿ ಅಷ್ಟು ಜೊತೆ ಚಪ್ಪಲಿ ಕಂಡದ್ದು ಅದೇ ಮೊದಲು. ಸುಮ್ಮಸುಮ್ಮನೆ ಎರಡು ಸಲ ಹೋಗಿ ನೋಡಿ ಬಂದೆ. ಗಂಟಲು ಸರಿಮಾಡಿಕೊಂಡು ಮೊದಲ ಗೋಪುರದಿಂದ ಶುರುಮಾಡಿದೆ. ಏಳನೆಯ ಫೋಟೋ ಬರುವಷ್ಟರಲ್ಲಿ ಎಲ್ಲರೂ ಅಡುಗೆಮನೆಯತ್ತ ನೋಡತೊಡಗಿದ್ದರು. ಮಂಡ್ಯದ ಕೆಂಪರಾಜು ಕೈಯೆತ್ತಿದ. ಪ್ರಶ್ನೆ! ನಾನು ಪುಳಕಗೊಂಡೆ.

"ಇದೆಲ್ಲಾ ಸರಿ ಸಾ. ಪೂರಿ ಯಾವಾಗ?"

"ಯಾವ ಪೂರಿ?"

ಅವನು ತನ್ನ ಫೋನು ನನ್ನ ಮುಖದ ಮುಂದೆ ಹಿಡಿದ. "ಶನಿವಾರ ಹನ್ನೊಂದಕ್ಕೆ ನಮ್ಮನೆಯಲ್ಲಿ ಆಲೂಪೂರಿ. ಎಲ್ಲರೂ ಬನ್ನಿ."

"ಬೆಳಗ್ಗಿಂದ ಏನೂ ತಿಂದಿಲ್ಲ ಸಾ!"

ಸತ್ಯ ಹೇಳಿದರೆ ಮನೆ ಖಾಲಿಯಾಗುತ್ತದೆ. "ಐದೇ ನಿಮಿಷ" ಎಂದು ಅಡುಗೆಮನೆಗೆ ನುಗ್ಗಿದೆ. ಅಲ್ಲಿ ಎರಡು ಆಲೂಗೆಡ್ಡೆ, ಅರ್ಧ ಪೊಟ್ಟಣ ಗೋಧಿಹಿಟ್ಟು ಇದ್ದವು. ಜೀವಮಾನದಲ್ಲಿ ಪೂರಿ ಕರಿದವನಲ್ಲ. ಮೊದಲನೆಯದು ಉಬ್ಬಲಿಲ್ಲ. ಎರಡನೆಯದು ಕಪ್ಪಾಯಿತು. ಮೂರನೆಯದಕ್ಕೆ ಹೊಗೆಯ ಅಲಾರಂ ಕಿರುಚಿಕೊಂಡು, ಇಡೀ ಕಟ್ಟಡವೇ ಪಾರ್ಕಿಂಗಿಗೆ ಇಳಿಯಿತು!

"ಬನ್ನಿ ಸಾ, ಎಲ್ಲಾರೂ ಹೋಟ್ಲಿಗೆ ಹೋಗವಾ" ಎಂದು ಕೆಂಪರಾಜು ಕರೆದ. ಕರೆದದ್ದು ಮನಸ್ಸಿನಿಂದಲೇ. ಆದರೆ ಅಗ್ನಿಶಾಮಕದವರು ಬಂದಾಗ ಆರೋಪಿ ಸ್ಥಳದಲ್ಲಿ ಹಾಜರಿರಬೇಕಲ್ಲ! "ನೀವು ಹೋಗಿರಿ" ಎಂದೆ. ಹೋದರು.

ಹೊಗೆ ಹೋದ ಮೇಲೆ ಒಬ್ಬನೇ ಕೂತು ಮುನ್ನೂರ ಹನ್ನೆರಡನ್ನೂ ನೋಡಿದೆ. ಒಂದರಲ್ಲೂ ನಾನಿಲ್ಲ, ತೆಗೆಯುವವರು ಯಾರಿದ್ದರು? ಕೊನೆಯದರಲ್ಲಿ ಮಾತ್ರ ನನ್ನ ಕನ್ನಡಕವಿದೆ, ಕೋತಿಯ ಮೂತಿಯ ಮೇಲೆ. ಅದರ ಸುತ್ತ ಆರೇಳು ಕೋತಿಗಳು ಮೈಗೆ ಮೈ ಒತ್ತಿ ಕೂತಿವೆ. ನನಗೆ ಹೊಟ್ಟೆಕಿಚ್ಚಾಯಿತು. ಕೋತಿಯ ಮೇಲೆ!

ಫೋನು ಎತ್ತಿಕೊಂಡು, ಈ ಸಲ ಬೆರಳಲ್ಲೇ, ಒಂದೊಂದೇ ಅಕ್ಷರ ನೋಡಿ ಒತ್ತಿದೆ: "ಮುಂದಿನ ಶನಿವಾರ ನಮ್ಮನೆಯಲ್ಲಿ ಆಲೂಪೂರಿ. ಹೋಟೆಲಿನಿಂದ ತರಿಸುತ್ತೇನೆ. ಫೋಟೋ ಇರುವುದಿಲ್ಲ."

ಒಂದೇ ನಿಮಿಷದಲ್ಲಿ ಹನ್ನೆರಡು ಹೆಬ್ಬೆರಳು! ಹನ್ನೆರಡನೆಯದು ವಸಂತಕ್ಕನ ಅತ್ತೆಯದಂತೆ.